ದಿನಕ್ಕೊಂದು ಗಂಟೆ, ಐದು ಆಲ್ಬಮ್ಮು

ಬರೆಯದೆ ಬಹಳ ದಿನ ಆಯ್ತು. ವಿಷಯ ಇರಲಿಲ್ಲ ಅಂತಲ್ಲ, ಅಪ್ಪಟ ಸೋಮಾರಿತನ. ಮೊನ್ನೆ ಮದುವೆ ಮನೆಯೊಂದರಲ್ಲಿ ಸಿಕ್ಕ ಕಾಲೇಜಿನ ಗೆಳೆಯ, ಊಟದ ಎಲೆ ಮುಂದೆ ಕೂತವನು, "ಏನೋ, ಇನ್ನೂ ಆ ಕಿರುಚಾಟದ ಮ್ಯೂಸಿಕ್ಕೇ ಕೇಳ್ತೀಯಾ?" ಅಂದ. ಹೌದು ಅಂದೆ. "ನಲವತ್ತೈದು ದಾಟ್ತಲ್ಲೋ, ಇನ್ನಾದ್ರೂ ಏನಾದ್ರೂ ಸಮಾಧಾನದ್ದು ಕೇಳು ಮಾರಾಯ" ಅಂದ. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ಅಲ್ಲಿಗೇ ನಿಂತಿತು. ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕೊರೀತಾ ಇತ್ತು. ನಾನು ಈ ಪ್ರೊಗ್ರೆಸ್ಸಿವ್ ಮೆಟಲ್ಲು, ಪ್ರೊಗ್ರೆಸ್ಸಿವ್ ರಾಕು ಅಂತ ಇಪ್ಪತ್ತೈದು ವರ್ಷದಿಂದ ಕೇಳ್ತಾ ಇರೋದು ಯಾಕೆ? ಈಗಲೂ ಅದು ಕೇಳುವಂಥದ್ದಾಗಿ ಉಳಿದಿದೆಯಾ, ಇಲ್ಲಾ ಬರೀ ಅಭ್ಯಾಸವಾ?

ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕಾದ ಇನ್ನೊಂದು ಕಾರಣ ಇದೆ. ಅದನ್ನು ಮೊದಲು ಹೇಳಿಬಿಡ್ತೀನಿ.

ಹೋದ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಮಲಗಿದ್ದಾಗ ಸಣ್ಣಗೆ 'ಕುಂಯ್' ಅನ್ನೋ ಸದ್ದು ಕೇಳಿಸಿತು. ಫ್ರಿಜ್ಜಿನದ್ದು ಅಂದುಕೊಂಡು ಎದ್ದು ಹೋಗಿ ಫ್ರಿಜ್ ಆಫ್ ಮಾಡಿದೆ. ಸದ್ದು ನಿಲ್ಲಲಿಲ್ಲ. ಇನ್ವರ್ಟರ್ ಇರಬೇಕು ಅಂತ ಅದನ್ನೂ ಆಫ್ ಮಾಡಿದೆ. "ಏನ್ರೀ ಅದು, ನಡುರಾತ್ರೀಲಿ ಮನೆ ಸ್ವಿಚ್ಚೆಲ್ಲಾ ತಡಕ್ತಾ ಇದೀರಾ" ಅಂತ ನನ್ನಾಕೆ ಎದ್ದು ಬಂದಳು. "ಏನೋ ಕುಂಯ್‌ಗುಡ್ತಿದೆ, ಕೇಳ್ತಿಲ್ವಾ?" ಅಂದೆ. ಅವಳು ಒಂದು ನಿಮಿಷ ಸುಮ್ಮನೆ ನಿಂತು ಕೇಳಿ, "ಇಲ್ಲ" ಅಂದಳು. ಆಗ ಗೊತ್ತಾಯ್ತು, ಸದ್ದು ಇದ್ದದ್ದು ಮನೆಯಲ್ಲಲ್ಲ, ನನ್ನ ಎಡಗಿವಿಯೊಳಗೆ.

ಕಿವಿ ಡಾಕ್ಟರ ಹತ್ತಿರ ಹೋದೆ. ಸದ್ದು ಒಳಬರದ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟು, 'ಬೀಪ್ ಕೇಳಿಸಿದಾಗಲೆಲ್ಲ ಒತ್ತಿ' ಅಂದರು. ಜೀವನದಲ್ಲಿ ಹೆಡ್‌ಫೋನ್ ಹಾಕಿಕೊಂಡು ಹೆದರಿಕೊಂಡಿದ್ದು ಅದೇ ಮೊದಲು. ಆಮೇಲೆ ತೋರಿಸಿದ ಗ್ರಾಫಿನಲ್ಲಿ ಎಲ್ಲಾ ಕಡೆ ಸುಮಾರಾಗಿ ಸಮ ಇದ್ದ ಗೆರೆ, 4000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದ ಹಾಗೆ ಕೆಳಗಿಳಿದು ಮತ್ತೆ ಮೇಲೆದ್ದಿತ್ತು. ಜೋರು ಸದ್ದಿನಿಂದ ಪೆಟ್ಟು ತಿಂದ ಕಿವಿಯ ಗುರುತೇ ಈ ಗುಂಡಿಯಂತೆ. ಕುಂಯ್ ಅನ್ನೋದನ್ನು ಮಾಯ ಮಾಡೋ ಮಾತ್ರೆ ಯಾವುದೂ ಇಲ್ಲ, ಇರೋದನ್ನು ಉಳಿಸಿಕೊಳ್ಳಿ ಅಂದರು. ಯಾರನ್ನೂ ದೂರುವ ಹಾಗಿಲ್ಲ. ವರ್ಷಗಟ್ಟಲೆ ಬಸ್ಸಿನಲ್ಲಿ, ಎಂಜಿನ್ ಸದ್ದು ಮುಚ್ಚೋ ಹಾಗೆ ಫುಲ್ ವಾಲ್ಯೂಮ್ ಇಟ್ಟುಕೊಂಡು ಕೇಳಿದವನು ನಾನೇ.

ಲೆಕ್ಕ ಬಹಳ ಸರಳ, ಆದರೆ ನಮಗ್ಯಾರೂ ಹೇಳಿಕೊಟ್ಟಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಿದರೆ ಅಪಾಯ ಇಲ್ಲ. ಆದರೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧ ಆಗುತ್ತೆ. 90ಕ್ಕೆ ಬಂದರೆ ವಾರಕ್ಕೆ ಉಳಿಯೋದು ಬರೀ 4 ಗಂಟೆ! ನಾನು ಒಂದೇ ದಿನದಲ್ಲಿ ಅಷ್ಟು ಖರ್ಚು ಮಾಡುತ್ತಿದ್ದವನು. ಕೊನೆಗೆ ಡಾಕ್ಟರ ಜೊತೆ ಚೌಕಾಶಿ ಮಾಡಿ ಒಂದು ಒಪ್ಪಂದಕ್ಕೆ ಬಂದೆ. ದಿನಕ್ಕೆ ಒಂದು ಗಂಟೆ, ಮನೆಯಲ್ಲಿ, ಸಣ್ಣ ಸದ್ದಿನಲ್ಲಿ. ಬಸ್ಸಿನಲ್ಲಿ ಖಂಡಿತ ಇಲ್ಲ.

ಹೀಗಾಗಿ ಈಗ ಹೊಸ ಆಲ್ಬಮ್ ಬಂತು ಅಂದರೆ ನಾನು ಮೊದಲು ನೋಡೋದು ಎಷ್ಟು ನಿಮಿಷ ಅಂತ. ನಗಬೇಡಿ :) ದಿನಕ್ಕೊಂದೇ ಗಂಟೆ ಇರುವವನಿಗೆ ಆಲ್ಬಮ್ ಅನ್ನೋದು ಸಂಬಳದ ಲೆಕ್ಕದ ಹಾಗೆ. ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಬೇಡ ಅನ್ನೋದನ್ನು ಮನಸ್ಸು ಕಲ್ಲು ಮಾಡಿಕೊಂಡು ನಿರ್ಧರಿಸಬೇಕು. ಈಚೆಗೆ ಹೀಗೆ ನನ್ನ ಗಂಟೆ ತಿಂದ ಐದು ಆಲ್ಬಮ್‌ಗಳ ಬಗ್ಗೆ ಈ ಬರಹ.

ಈ ಸಂಗೀತ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರೊಗ್ ಅಂದರೆ ಉದ್ದುದ್ದ ಹಾಡು, ಇಡೀ ಆಲ್ಬಮ್ಮಿಗೇ ಒಂದು ಕತೆ, ನಾಲ್ಕರ ಲೆಕ್ಕಕ್ಕೆ ಸಿಗದ ತಾಳ. ಮಾಮೂಲಿ ಪಾಪ್ ಹಾಡು ಒಂದು-ಎರಡು-ಮೂರು-ನಾಲ್ಕು ಅಂತ ನಡೆದರೆ ಇದು ಐದು, ಏಳು, ಒಂಬತ್ತು ಅಂತೆಲ್ಲಾ ನಡೆಯುತ್ತೆ. ಪಿಂಕ್ ಫ್ಲಾಯ್ಡ್‌ನವರ 'ಮನಿ' ಹಾಡು ಏಳರಲ್ಲಿದೆ. ನಾನು ಮೊದಲ ಸಲ ಅದನ್ನು ಕೇಳಿದಾಗ ರೂಮ್‌ಮೇಟ್ "ಇದರ ತಾಳ ಹಿಡಿಯೋದು ಕಷ್ಟ, ಏಳರಲ್ಲಿದೆ" ಅಂತ ದೊಡ್ಡದಾಗಿ ಹೇಳಿದ್ದ. ನನಗೆ ಕಷ್ಟವೇ ಆಗಲಿಲ್ಲ. ಯಾಕೆ ಅಂತ ಆಮೇಲೆ ಹೊಳೆಯಿತು. ನಮ್ಮ ಅಜ್ಜ ಊರಲ್ಲಿ ದಿನಾ ಸಂಜೆ ಕುಮಾರವ್ಯಾಸ ಭಾರತ ಓದುತ್ತಿದ್ದರು. ಭಾಮಿನಿ ಷಟ್ಪದಿ ಅಂದರೆ ಮೂರು ನಾಲ್ಕು, ಮೂರು ನಾಲ್ಕು ಅಂತ ಹೋಗೋ ಮಾತ್ರೆ. ಮೂರೂ ನಾಲ್ಕೂ ಏಳೇ ತಾನೇ? ಸಂಗೀತದ ಮೇಷ್ಟ್ರು ಮಿಶ್ರಛಾಪು ಅಂತ 'ತಕಿಟ ತಕಧಿಮಿ' ಹೇಳಿಕೊಡೋದೂ ಅದೇ. ಇನ್ನು ಐದು ಬೇಕಾದರೆ ಜೈಮಿನಿ ಭಾರತದ ವಾರ್ಧಕ ಷಟ್ಪದಿ ಇದೆ, ಪೂರ್ತಿ ಐದೈದರ ಗಣ. ಏಳು ಐದು ನಮಗೇನು ಫಾರಿನ್ ಸರಕಲ್ಲ ಸ್ವಾಮಿ.

ಆದರೆ ಇದನ್ನು ಹೇಳಿದ್ದು ಬೆನ್ನು ತಟ್ಟಿಕೊಳ್ಳೋಕಲ್ಲ. ಕುಮಾರವ್ಯಾಸನನ್ನು ಕೇಳುವಾಗ ಯಾರಾದರೂ 'ಆಹಾ, ಎಷ್ಟು ಚೆನ್ನಾಗಿ ಏಳು ಎಣಿಸಿದ್ದಾನೆ' ಅಂತಾರಾ? ದ್ರೌಪದಿಯ ಸಂಕಟ ಕೇಳುತ್ತೆ, ಕರ್ಣನ ಸಂಕಟ ಕೇಳುತ್ತೆ. ಲೆಕ್ಕ ಅದರೊಳಗೆ ಕರಗಿ ಹೋಗಿರುತ್ತೆ. ನಾನು ಈಗ ಪ್ರೊಗ್ ಆಲ್ಬಮ್‌ಗಳನ್ನು ಅಳೆಯೋ ಕೋಲು ಇದೊಂದೇ. ಲೆಕ್ಕ ಕೇಳಿಸುತ್ತಾ, ಕತೆ ಕೇಳಿಸುತ್ತಾ?

1. ಡ್ರೀಮ್ ಥಿಯೇಟರ್: ಪ್ಯಾರಾಸೋಮ್ನಿಯಾ

ಇದು 2025ರ ಫೆಬ್ರವರಿಯಲ್ಲಿ ಬಂತು. ಇದಕ್ಕೆ ಕಾದಷ್ಟು ನಾನು ಯಾವುದಕ್ಕೂ ಕಾದಿಲ್ಲ. ಡ್ರಮ್ಮರ್ ಮೈಕ್ ಪೋರ್ಟ್‌ನಾಯ್ 2010ರಲ್ಲಿ ತಾನೇ ಕಟ್ಟಿದ ಬ್ಯಾಂಡ್ ಬಿಟ್ಟು ಹೋದಾಗ ನಮ್ಮ ಗುಂಪಿನಲ್ಲಿ ಮನೆಯ ಹಿರಿಮಗ ಜಗಳ ಆಡಿ ಮನೆ ಬಿಟ್ಟಷ್ಟು ಚರ್ಚೆ ಆಗಿತ್ತು. ಆತ 2023ರ ಅಕ್ಟೋಬರಿನಲ್ಲಿ ವಾಪಸ್ ಬಂದ. ಅವನಿದ್ದ ಹಿಂದಿನ ಆಲ್ಬಮ್ 2009ರದ್ದು. ನಡುವೆ ಮೈಕ್ ಮ್ಯಾಂಜಿನಿ ಐದು ಆಲ್ಬಮ್‌ಗಳಿಗೆ ಡ್ರಮ್ಸ್ ಬಾರಿಸಿದ. ಬ್ಯಾಂಡಿಗೆ ಗ್ರ್ಯಾಮಿ ಸಿಕ್ಕಿದ್ದೂ ಆ ಕಾಲದಲ್ಲೇ, 2022ರಲ್ಲಿ, 'ದಿ ಏಲಿಯನ್' ಹಾಡಿಗೆ. ಪಾಪ, ಈಗ ಎಲ್ಲರೂ ಅವನನ್ನು ಮರೆತ ಹಾಗಿದೆ. ನನಗದು ಸರಿ ಕಾಣಲಿಲ್ಲ.

ಪ್ಯಾರಾಸೋಮ್ನಿಯಾ ಅಂದರೆ ನಿದ್ದೆಯಲ್ಲಿ ಆಗುವ ತೊಂದರೆಗಳು. ಕೆಟ್ಟ ಕನಸು, ನಿದ್ದೆಯಲ್ಲಿ ನಡೆಯೋದು, ಎಚ್ಚರವಾದರೂ ಕೈಕಾಲು ಅಲ್ಲಾಡಿಸಲಾಗದೆ ಮಲಗಿರೋದು. ಒಟ್ಟು 71 ನಿಮಿಷ. ನನ್ನ ಗಂಟೆಗೆ ಹನ್ನೊಂದು ನಿಮಿಷ ಜಾಸ್ತಿ! ಮೊದಲ ದಿನ ಕೊನೆಯ ಹಾಡು 'ದಿ ಶ್ಯಾಡೋ ಮ್ಯಾನ್ ಇನ್ಸಿಡೆಂಟ್' ಅರ್ಧಕ್ಕೇ ನಿಲ್ಲಿಸಬೇಕಾಯ್ತು. ಅದೊಂದೇ 19 ನಿಮಿಷಕ್ಕೂ ಹೆಚ್ಚಿದೆ. ಮರುದಿನ ಉಳಿದದ್ದು ಕೇಳಿದೆ, ಧಾರಾವಾಹಿ ನೋಡಿದ ಹಾಗೆ.

ಹೇಗಿದೆ? ಪೋರ್ಟ್‌ನಾಯ್ ಮೊದಲ ಪೆಟ್ಟು ಕೊಟ್ಟಾಗ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳೋಲ್ಲ. ಮ್ಯಾಂಜಿನಿ ಗಡಿಯಾರದಷ್ಟು ಕರಾರುವಾಕ್ಕು. ಪೋರ್ಟ್‌ನಾಯ್ ಹಾಗಲ್ಲ, ಅವನ ಬಾರಿಸುವಿಕೆಯಲ್ಲಿ ಮನುಷ್ಯ ಕಾಣ್ತಾನೆ. 'ನೈಟ್ ಟೆರರ್' ಕೇಳಿದರೆ ಹಳೇ ಮನೆಗೆ ಹೋಗಿ ಅದೇ ಜಗಲಿಯ ಮೇಲೆ ಕೂತ ಹಾಗೆ. ಜಾನ್ ಪೆಟ್ರೂಚಿಯ ಗಿಟಾರ್ 'ಬೆಂಡ್ ದ ಕ್ಲಾಕ್' ಹಾಡಿನ ಕೊನೆಯಲ್ಲಿ ಹಾಡುವ ಹಾಗೆ ಇನ್ಯಾರ ಗಿಟಾರೂ ಹಾಡೋಲ್ಲ.

ಆದರೆ ನಾಲ್ಕನೇ ಸಲ ಕೇಳುವಾಗ ಒಂದು ಬೇಜಾರು ಶುರುವಾಯ್ತು. ನಿದ್ದೆ ಬಾರದವನ ಭಯ ಇದರಲ್ಲಿ ಎಲ್ಲಿದೆ? ಕಿವಿಯಲ್ಲಿ ಕುಂಯ್ ಅನ್ನಿಸಿಕೊಂಡು ರಾತ್ರಿ ಮೂರಕ್ಕೆ ಕಣ್ಣು ಬಿಟ್ಟುಕೊಂಡು ಮಲಗಿದವನು ನಾನು, ನನಗೆ ಆ ಭಯ ಗೊತ್ತು. ಅದು ಸದ್ದಿಲ್ಲದ್ದು, ಒಂಟಿಯಾದದ್ದು. ಇಲ್ಲಿ ಭಯದ ಬಗ್ಗೆ ಮಾತು ಬಂದ ಕೂಡಲೇ ಗಿಟಾರೂ ಕೀಬೋರ್ಡೂ ಸೇರಿ ಓಟದ ಪಂದ್ಯಕ್ಕೆ ಇಳಿದುಬಿಡುತ್ತವೆ. ಲೆಕ್ಕ ಕೇಳಿಸುತ್ತೆ, ಕತೆ ಹಿಂದೆ ಬೀಳುತ್ತೆ. ಇದೇ ಬ್ಯಾಂಡು 1999ರಲ್ಲಿ 'ದಿ ಡ್ಯಾನ್ಸ್ ಆಫ್ ಎಟರ್ನಿಟಿ' ಅಂತ ನೂರಕ್ಕೂ ಹೆಚ್ಚು ಸಲ ತಾಳ ಬದಲಾಗೋ ತುಣುಕು ಮಾಡಿತ್ತು. ಅದು ಅದ್ಭುತ ಅನ್ನಿಸಿತ್ತು, ಯಾಕೆಂದರೆ ಹಿಂದೆ ಮುಂದೆ ಒಂದು ಕೊಲೆಯ ಕತೆ ಇತ್ತು, ತಲೆ ಗಿರಗಿರ ಅನ್ನೋದಕ್ಕೆ ಕಾರಣ ಇತ್ತು. ಇಲ್ಲಿ ಅಂಥ ಕಾರಣ ನನಗೆ ಸಿಗಲಿಲ್ಲ. ಹಿರಿಮಗ ಮನೆಗೆ ಬಂದಿದ್ದಾನೆ, ಹಬ್ಬದೂಟ ಆಗಿದೆ, ಖುಷಿ. ಆದರೆ ದಿನಾ ಹಬ್ಬದೂಟ ಆಗೋಲ್ಲ.

2. ಸ್ಟೀವನ್ ವಿಲ್ಸನ್: ದಿ ಓವರ್‌ವ್ಯೂ

ಮಾರ್ಚ್ 2025. ಎರಡೇ ಹಾಡು, ಒಂದು 23 ನಿಮಿಷ, ಇನ್ನೊಂದು 18 ನಿಮಿಷ. ಒಟ್ಟು 42 ನಿಮಿಷದ ಆಸುಪಾಸು. ನನ್ನ ಬಜೆಟ್ಟಿಗೆ ಹೇಳಿ ಮಾಡಿಸಿದ ಹಾಗೆ. ಪಾರ್ಕ್ಯುಪೈನ್ ಟ್ರೀ ಬ್ಯಾಂಡಿನ ವಿಲ್ಸನ್ ಇವನು. ಆ ಬ್ಯಾಂಡು 2009ರಲ್ಲಿ ಮುಂಬಯಿ ಐಐಟಿಯ ಹಬ್ಬದಲ್ಲಿ ಹಾಡಿತ್ತು. ನನಗೆ ರಜೆ ಸಿಗದೆ ಹೋಗಲಾಗಲಿಲ್ಲ, ಆ ಹೊಟ್ಟೆ ಉರಿ ಇನ್ನೂ ಆರಿಲ್ಲ.

ಬಾಹ್ಯಾಕಾಶಕ್ಕೆ ಹೋದವರು ಅಲ್ಲಿಂದ ಭೂಮಿ ನೋಡಿದಾಗ ಮನಸ್ಸಿನೊಳಗೆ ಏನೋ ಪಲ್ಲಟ ಆಗುತ್ತಂತೆ. ಫ್ರಾಂಕ್ ವೈಟ್ ಅನ್ನೋ ಲೇಖಕ 1987ರ ತನ್ನ ಪುಸ್ತಕದಲ್ಲಿ ಅದಕ್ಕೆ 'ಓವರ್‌ವ್ಯೂ ಎಫೆಕ್ಟ್' ಅಂತ ಹೆಸರಿಟ್ಟ. ಆಲ್ಬಮ್ಮಿನ ಹೆಸರು ಬಂದದ್ದು ಅಲ್ಲಿಂದ. ಮೊದಲ ಹಾಡು 'ಆಬ್ಜೆಕ್ಟ್ಸ್ ಔಟ್‌ಲಿವ್ ಅಸ್'. ಅದರ ಒಂದು ಭಾಗದ ಸಾಹಿತ್ಯ ಎಕ್ಸ್‌ಟಿಸಿ ಬ್ಯಾಂಡಿನ ಆಂಡಿ ಪಾರ್ಟ್ರಿಜ್ ಬರೆದದ್ದು. ಆ ಭಾಗ ನನಗೆ ಬಹಳ ಹಿಡಿಸಿತು. ಒಂದು ಕಡೆ ಭೂಮಿಯ ಮೇಲೆ ಜನರ ಸಣ್ಣಪುಟ್ಟ ದಿನನಿತ್ಯದ ಪೇಚಾಟ, ಇನ್ನೊಂದು ಕಡೆ ಅದೇ ಹೊತ್ತಿಗೆ ಎಲ್ಲೋ ನಕ್ಷತ್ರ ಸಿಡಿಯೋದು, ಕಪ್ಪುರಂಧ್ರ ನುಂಗೋದು. ಎರಡನ್ನೂ ಪಕ್ಕಪಕ್ಕ ಇಟ್ಟು ಸುಮ್ಮನಾಗ್ತಾನೆ. ಯಾವುದು ದೊಡ್ಡದು ಅಂತ ಹೇಳೋಲ್ಲ. ತರಕಾರಿ ಚೀಲ ಹರಿದು ಟೊಮೆಟೋ ರಸ್ತೆ ತುಂಬಾ ಉರುಳಿದಾಗ ನಮಗಾಗೋ ಸಂಕಟ, ಆ ಕ್ಷಣಕ್ಕೆ, ನಕ್ಷತ್ರ ಸತ್ತದ್ದಕ್ಕಿಂತ ದೊಡ್ಡದೇ ಅಲ್ವಾ?

ಎರಡನೇ ಹಾಡಿನ ಬಗ್ಗೆ ನನಗೆ ತಕರಾರಿದೆ. ವಿಲ್ಸನ್‌ನ ಹೆಂಡತಿ ರೋಟೆಮ್ ಆಕಾಶಕಾಯಗಳ ಹೆಸರು, ಅವುಗಳ ಅಳತೆ ಎಲ್ಲ ಓದುತ್ತಾ ಹೋಗ್ತಾರೆ, ಹಿಂದೆ ಎಲೆಕ್ಟ್ರಾನಿಕ್ ಸದ್ದು. ಮೊದಲ ಸಲ ಮೈ ಜುಂ ಅನ್ನುತ್ತೆ. ಮೂರನೇ ಸಲಕ್ಕೆ ಹತ್ತನೇ ಕ್ಲಾಸಿನ ವಿಜ್ಞಾನದ ಪಾಠ ಅನ್ನಿಸಿತು. ಕೊನೆಯ ಭಾಗದಲ್ಲಿ ಎಲ್ಲ ಕರಗಿ ಬರೀ ನಾದ ಉಳಿಯುತ್ತೆ. ಅಲ್ಲಿ ವಿಲ್ಸನ್ ಮೌನಕ್ಕೆ ಬಹಳ ಹತ್ತಿರ ಹೋಗ್ತಾನೆ. ನಿಮಗೆ ಅದು ಮೌನವಾಗೇ ಕೇಳಬಹುದು. ನನಗೆ ಅಲ್ಲಿ ನನ್ನ ಕಿವಿಯ ಕುಂಯ್ ಸೇರಿಕೊಳ್ಳುತ್ತೆ. ಹೀಗೆ ನನ್ನ ಪ್ರತಿಯಲ್ಲಿ ಮಾತ್ರ ಇರೋ ಒಂದು ವಾದ್ಯ ಅದು! ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು.

ಒಂದು ವಿಷಯಕ್ಕೆ ಮಾತ್ರ ವಿಲ್ಸನ್‌ಗೆ ಕೈ ಮುಗೀಬೇಕು. ಇವನ ಆಲ್ಬಮ್‌ಗಳಲ್ಲಿ ಸಣ್ಣ ಸದ್ದು ಸಣ್ಣದಾಗಿ, ದೊಡ್ಡ ಸದ್ದು ದೊಡ್ಡದಾಗಿ ಇರುತ್ತೆ. ಇದೇನು ದೊಡ್ಡ ವಿಷಯ ಅನ್ನಬೇಡಿ. ಎಷ್ಟೋ ಆಲ್ಬಮ್‌ಗಳಲ್ಲಿ ಎಲ್ಲ ಸದ್ದನ್ನೂ ಒಂದೇ ಎತ್ತರಕ್ಕೆ ಏರಿಸಿ ಹಿಂಡಿಬಿಟ್ಟಿರುತ್ತಾರೆ. 2008ರಲ್ಲಿ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಬಂದಾಗ ಸದ್ದು ಒಡೆದು ಹೋಗಿದೆ ಅಂತ ಅಭಿಮಾನಿಗಳೇ ಗಲಾಟೆ ಮಾಡಿದ್ದರು. ವಿಡಿಯೋ ಗೇಮಿನೊಳಗಿದ್ದ ಅದೇ ಹಾಡುಗಳು ಸಿಡಿಗಿಂತ ಚೆನ್ನಾಗಿ ಕೇಳುತ್ತಿದ್ದವು! ಸಣ್ಣ ವಾಲ್ಯೂಮಿನಲ್ಲಿ ಕೇಳೋ ನನ್ನಂಥವನಿಗೆ ಹಾಗೆ ಹಿಂಡಿದ ಆಲ್ಬಮ್ ಬರೀ ಮಿಕ್ಸಿ ಸದ್ದು.

3. ಬ್ಲಡ್ ಇನ್‌ಕ್ಯಾಂಟೇಶನ್: ಆಬ್ಸೊಲ್ಯೂಟ್ ಎಲ್ಸ್‌ವೇರ್

ಇದು ಅಕ್ಟೋಬರ್ 2024ರದ್ದು. ಅಮೆರಿಕದ ಡೆನ್ವರಿನ ಡೆತ್ ಮೆಟಲ್ ಬ್ಯಾಂಡು. ಇಲ್ಲೂ ಎರಡೇ ಹಾಡು, ಒಂದೊಂದರಲ್ಲಿ ಮೂರು ಮೂರು ಭಾಗ. ಭಾಗಕ್ಕೆ 'ಟ್ಯಾಬ್ಲೆಟ್' ಅಂತ ಹೆಸರು, ಹಳೇ ಕಾಲದ ಶಿಲಾಫಲಕದ ಹಾಗೆ. ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ ಮಾಡಿದ್ದು. ಟ್ಯಾಂಜರೀನ್ ಡ್ರೀಮ್ ಬ್ಯಾಂಡಿನ ಥೋರ್ಸ್ಟನ್ ಕ್ವೆಶ್ನಿಂಗ್ ಬಂದು ಒಂದು ಭಾಗಕ್ಕೆ ಸಿಂತ್ ನುಡಿಸಿದ್ದಾನೆ.

ಐದು ನಿಮಿಷ ಗುಡುಗು ಸಿಡಿಲು, ನಡುವೆ ಇದ್ದಕ್ಕಿದ್ದಂತೆ ಎಪ್ಪತ್ತರ ದಶಕದ ಪಿಂಕ್ ಫ್ಲಾಯ್ಡ್ ಥರದ ತಂಗಾಳಿ, ಮತ್ತೆ ಸಿಡಿಲು. ನಮ್ಮ ಪಶ್ಚಿಮಘಟ್ಟದ ಜೂನ್ ತಿಂಗಳು ಅಂದ್ಕೊಳ್ಳಿ. ನನ್ನ ಗೆಳೆಯನ ಮಾತಿನ 'ಕಿರುಚಾಟ' ಇದರಲ್ಲಿ ಬೇಕಾದಷ್ಟಿದೆ. ಕತೆ ನನಗೆ ಪೂರ್ತಿ ಅರ್ಥವಾಗಿಲ್ಲ, ಅನ್ಯಗ್ರಹ, ಪುರಾತನ ಸಂದೇಶ ಅಂತೇನೋ ಇದೆ. ಆದರೂ ಇವರು ಎರಡು ಬೇರೆ ಬೇರೆ ಸಂಗೀತವನ್ನು ಅಂಟಿಸಿಲ್ಲ, ಕಸಿ ಮಾಡಿದ್ದಾರೆ. ಅಂಟಿಸಿದ್ದು ಬಿಡುತ್ತೆ, ಕಸಿ ಚಿಗುರುತ್ತೆ. ಪ್ರೊಗ್ರೆಸ್ಸಿವ್ ಅನ್ನೋ ಪದಕ್ಕೆ ನಿಜವಾದ ಅರ್ಥ 'ಮುಂದೆ ಹೋಗುವುದು' ಅಂತಾದರೆ, ಈ ಪಟ್ಟಿಯಲ್ಲಿ ನಿಜಕ್ಕೂ ಮುಂದೆ ಹೋದವರು ಇವರೇ. ಆದರೆ ನನ್ನ ಕಿವಿಗೆ ಇದು ವಾರಕ್ಕೊಂದೇ ಸಲ, ಉಪ್ಪಿನಕಾಯಿಯಂತೆ.

4. ಕಾಲಿಗ್ಯುಲಾಸ್ ಹಾರ್ಸ್: ಚಾರ್ಕೋಲ್ ಗ್ರೇಸ್

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನವರು. 2024ರ ಜನವರಿಯಲ್ಲಿ ಬಂದದ್ದು. ಕೋವಿಡ್ ಕಾಲದ ಹತಾಶೆಯಿಂದ ಹುಟ್ಟಿದ ಆಲ್ಬಮ್ಮು. ಒಂದು ಗಂಟೆಗೆ ಸ್ವಲ್ಪ ಹೆಚ್ಚು. ನಡುವೆ ನಾಲ್ಕು ಭಾಗಗಳ ದೊಡ್ಡ ಹಾಡು, ಆಲ್ಬಮ್ಮಿನ ಹೆಸರಿನದೇ. ಮಗುವಿನ ಮೇಲೆ ಕ್ರೌರ್ಯ ತೋರಿದ ಅಪ್ಪ, ಆ ಮಗು ದೊಡ್ಡದಾದ ಮೇಲೂ ಹೊತ್ತು ತಿರುಗುವ ಗಾಯ, ಅದು ವಿಷಯ. ಜಿಮ್ ಗ್ರೇ ಹಾಡೋದು ಕೇಳಿದರೆ, ಇಷ್ಟು ಮೃದುವಾದ ಗಂಟಲಲ್ಲಿ ಇಷ್ಟು ಸಿಟ್ಟು ಹೇಗೆ ಹಿಡಿಸಿತು ಅನ್ನಿಸುತ್ತೆ. ಹೆಚ್ಚು ಜನ ಇದರ ಬಗ್ಗೆ ಮಾತಾಡಲಿಲ್ಲ, ಅದಕ್ಕೇ ಇಲ್ಲಿ ಹೇಳ್ತಿದೀನಿ. ಇಡೀ ಆಲ್ಬಮ್ ಬೇಡ ಅಂದರೆ ಈ ನಾಲ್ಕು ಭಾಗ ಮಾತ್ರ ಕೇಳಿ. ಮಿಕ್ಕ ಹಾಡುಗಳು ಚೆನ್ನಾಗಿವೆ, ಆದರೆ ನನ್ನ ನೆನಪಿನಲ್ಲಿ ನಿಲ್ಲಲಿಲ್ಲ.

5. ಓಪೆಥ್: ದಿ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್

ಕೊನೆಗಿಟ್ಟಿದ್ದು ಬೇಕೆಂದೇ. ನವೆಂಬರ್ 2024. ಸುಮಾರು 51 ನಿಮಿಷ.

ಸ್ವೀಡನ್ನಿನ ಈ ಬ್ಯಾಂಡಿನ ಮಿಕೇಲ್ ಓಕರ್‌ಫೆಲ್ಟ್‌ಗೆ ಎರಡು ಗಂಟಲು. ಒಂದು ಜೇನಿನಂಥದ್ದು, ಇನ್ನೊಂದು ಬಾವಿಯೊಳಗಿಂದ ಹುಲಿ ಗುರುಗುಟ್ಟಿದಂಥದ್ದು. 2008ರ 'ವಾಟರ್‌ಶೆಡ್' ಆದ ಮೇಲೆ ಆತ ಎರಡನೆಯದನ್ನು ಬಿಟ್ಟುಬಿಟ್ಟ. ಆಮೇಲಿನ ನಾಲ್ಕು ಆಲ್ಬಮ್‌ಗಳಲ್ಲಿ ಬರೀ ಜೇನು. 'ಹಳೇ ಓಪೆಥ್ ಬೇಕು' ಅಂತ ಅಭಿಮಾನಿಗಳು ವರ್ಷಗಟ್ಟಲೆ ಗೋಗರೆದರು, ಬೈದರು. ಆತ ತಲೆ ಕೆಡಿಸಿಕೊಳ್ಳಲಿಲ್ಲ. 2019ರಲ್ಲಂತೂ 'ಇನ್ ಕೌಡಾ ವೆನೆನಮ್' ಅನ್ನು ಮೊದಲು ತನ್ನ ಭಾಷೆ ಸ್ವೀಡಿಶ್‌ನಲ್ಲೇ ಮಾಡಿ, ಇಂಗ್ಲಿಷಿನದನ್ನೂ ಜೊತೆಗೆ ಕೊಟ್ಟ. ನಾನು ಕೇಳೋದು ಸ್ವೀಡಿಶ್‌ನದ್ದೇ. ಒಂದಕ್ಷರ ಅರ್ಥವಾಗೋಲ್ಲ. ಆದರೂ ಮನೆಮಾತಿನಲ್ಲಿ ಹಾಡುವವನ ದನಿಯಲ್ಲಿ ಒಂದು ನೆಮ್ಮದಿ ಇರುತ್ತಲ್ಲ, ಅದು ಭಾಷೆ ಬಾರದವನಿಗೂ ಗೊತ್ತಾಗುತ್ತೆ. ಕನ್ನಡದಲ್ಲಿ ಬರೆಯೋ ನಿಮಗೆಲ್ಲಾ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹದಿನಾರು ವರ್ಷದ ನಂತರ ಈ ಆಲ್ಬಮ್ಮಿನಲ್ಲಿ ಹುಲಿ ವಾಪಸ್ ಬಂದಿದೆ. ಸುದ್ದಿ ಓದಿದಾಗ ನನಗೆ ಖುಷಿಗಿಂತ ಅನುಮಾನ ಹೆಚ್ಚಾಗಿತ್ತು. ಕೊನೆಗೂ ಅಭಿಮಾನಿಗಳ ಕಾಟಕ್ಕೆ ಸೋತನಾ ಅಂತ. ಕೇಳಿದ ಮೇಲೆ ತಪ್ಪೊಪ್ಪಿಕೊಂಡೆ.

ಕತೆ ಇಷ್ಟು. ಮೊದಲ ಮಹಾಯುದ್ಧ ಮುಗಿದ ನಂತರದ ಕಾಲ. ದೊಡ್ಡ ಬಂಗಲೆಯ ಸಾಹುಕಾರ ಸತ್ತಿದ್ದಾನೆ. ಅವನ ಉಯಿಲು ಓದಬೇಕು. ಎದುರಿಗೆ ಅವಳಿ ಮಕ್ಕಳು ಕೂತಿದ್ದಾರೆ. ಜೊತೆಗೆ ಆ ಮನೆಯಲ್ಲೇ ಬೆಳೆದ, ಪೋಲಿಯೋ ಆದ ಒಬ್ಬಳು ಅನಾಥ ಹುಡುಗಿ. ಇವಳನ್ನು ಯಾಕೆ ಕರೆದರು ಅಂತ ಅವಳಿಗಳಿಗೆ ಗುಮಾನಿ. ಹಾಡುಗಳಿಗೆ ಹೆಸರೇ ಇಲ್ಲ. ಕಾನೂನು ಪತ್ರಗಳಲ್ಲಿ ಪ್ಯಾರಾ ಗುರುತಿಸೋ ಚಿಹ್ನೆ ಹಾಕಿ ಒಂದು, ಎರಡು, ಮೂರು ಅಂತ ಏಳರವರೆಗೆ. ಒಂದೊಂದು ಹಾಡೂ ಉಯಿಲಿನ ಒಂದೊಂದು ಪ್ಯಾರಾ. ಎಂಟನೆಯದಕ್ಕೆ ಮಾತ್ರ ಹೆಸರಿದೆ, 'ಎ ಸ್ಟೋರಿ ನೆವರ್ ಟೋಲ್ಡ್'. ಅದರೊಳಗಿನ ಗುಟ್ಟು ನಾನು ಹೇಳೋಲ್ಲ, ನೀವೇ ಕೇಳಿ.

ಈಗ ಹುಲಿ ಯಾಕೆ ಬೇಕಾಯ್ತು ಅಂತ ಅರ್ಥವಾಗುತ್ತೆ. ಬದುಕಿದ್ದಾಗ ಮನೆಯವರನ್ನೆಲ್ಲ ಹಿಡಿತದಲ್ಲಿಟ್ಟ ಯಜಮಾನ ಸತ್ತ ಮೇಲೂ ಕಾಗದದೊಳಗಿಂದ ಗುರುಗುಟ್ಟುತ್ತಿದ್ದಾನೆ. ಆ ದನಿ ಇಲ್ಲದೆ ಈ ಕತೆ ಹೇಳೋಕೆ ಆಗೋದೇ ಇಲ್ಲ. ಅಭಿಮಾನಿಗಳು ಕೇಳಿದ್ದಕ್ಕೆ ಕೊಟ್ಟದ್ದಲ್ಲ ಅದು, ಕತೆ ಕೇಳಿದ್ದಕ್ಕೆ ಕೊಟ್ಟದ್ದು. ಜೊತೆಗೆ ಜೆಥ್ರೋ ಟಲ್‌ನ ಇಯಾನ್ ಆಂಡರ್ಸನ್ ಬಂದಿದ್ದಾನೆ. ಕೊಳಲೂ ಇದೆ, ಉಯಿಲಿನ ಸಾಲುಗಳನ್ನು ಓದುವ ಅವನ ಮುದಿ ದನಿಯೂ ಇದೆ. ವಕೀಲರು ಕನ್ನಡಕ ಸರಿಮಾಡಿಕೊಂಡು ಓದೋ ಹಾಗೆ, ಯಾವ ಭಾವನೆಯೂ ಇಲ್ಲದೆ. ಅದೇ ಭಯ ಹುಟ್ಟಿಸುತ್ತೆ.

ನಮ್ಮಲ್ಲಿ ಮನೆ ಭಾಗ ಆಗೋದು ನೋಡಿದವರಿಗೆ ಇದು ದೂರದ ಸ್ವೀಡನ್ನಿನವರ ಕಲ್ಪನೆ ಅನ್ನಿಸೋದೇ ಇಲ್ಲ. ನಮ್ಮಜ್ಜ ತೀರಿಕೊಂಡ ಮೇಲೆ ಜಗಲಿಯಲ್ಲಿ ಚಾಪೆ ಹಾಸಿ, ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಕೂತು ಕಾಗದ ಓದಿಸಿದ ದಿನ ನನಗಿನ್ನೂ ನೆನಪಿದೆ. ಯಾರೂ ಕೂಗಾಡಲಿಲ್ಲ. ಅತ್ತೆ ಒಬ್ಬರು ಬಾಗಿಲ ಸಂದಿಯಲ್ಲಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದರು. ಅವರ ಹೆಸರು ಆ ಕಾಗದದಲ್ಲಿ ಇರಲಿಲ್ಲ. ಐದನೇ ಪ್ಯಾರಾ ಕೇಳುವಾಗ ನನಗೆ ಆ ಬೆರಳು ನೆನಪಾಗುತ್ತೆ. ಈ ಆಲ್ಬಮ್ಮಿನಲ್ಲೂ ತಾಳ ಎಲ್ಲೆಲ್ಲೋ ಹೊರಳುತ್ತೆ, ಎಣಿಸ ಹೊರಟರೆ ತಲೆ ಕೆಡುತ್ತೆ. ಆದರೆ ಎಣಿಸಬೇಕು ಅಂತ ನನಗೆ ಒಮ್ಮೆಯೂ ಅನ್ನಿಸಲೇ ಇಲ್ಲ. ಲೆಕ್ಕ ಕರಗಿದೆ, ಕತೆ ಕೇಳಿಸುತ್ತೆ. ನನಗೆ ಬೇಕಿದ್ದದ್ದು ಇಷ್ಟೇ.

ನನ್ನ ಮಟ್ಟಿಗೆ ಈ ಐದರಲ್ಲಿ ಇದೇ ಮೊದಲು. ತಿಂಗಳಲ್ಲಿ ಏಳೆಂಟು ಗಂಟೆ ಇದಕ್ಕೇ ಹೋಗ್ತಿದೆ, ಒಂದು ನಿಮಿಷವೂ ದಂಡ ಅನ್ನಿಸಿಲ್ಲ.

ಗೆಳೆಯನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಹೌದು, ಒಂದಷ್ಟು ಅಭ್ಯಾಸವೇ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಹಾಡಿದಾಗ ಆ ಜನಸಾಗರದಲ್ಲಿ ನಾನೂ ಕುಣಿದವನು. ಆ ವಯಸ್ಸನ್ನು ಹುಡುಕಿಕೊಂಡು ಹೋಗಿ ಕೇಳೋ ಆಲ್ಬಮ್‌ಗಳಿವೆ. ಡ್ರೀಮ್ ಥಿಯೇಟರ್ ನನಗೆ ಆ ಥರದ್ದು, ಅದರಲ್ಲಿ ನಾಚಿಕೆ ಪಡೋದೇನಿಲ್ಲ. ಆದರೆ ಗಂಟೆ ಒಂದೇ ಉಳಿದಾಗ ಮನುಷ್ಯನಿಗೆ ತನ್ನ ಅಭ್ಯಾಸ ಯಾವುದು, ಹಸಿವು ಯಾವುದು ಅಂತ ಗೊತ್ತಾಗುತ್ತೆ. ಓಪೆಥ್ ನನ್ನ ಹಸಿವು. ಮೊದಲು ದಿನಕ್ಕೆ ನಾಲ್ಕು ಆಲ್ಬಮ್ ಕೇಳುತ್ತಿದ್ದೆ, ಒಂದೂ ಸರಿಯಾಗಿ ಕೇಳುತ್ತಿರಲಿಲ್ಲ. ಈಗ ದೀಪ ಆರಿಸಿ, ಫೋನ್ ಬೇರೆ ಕೋಣೆಯಲ್ಲಿಟ್ಟು, ಗೋಡೆಗೊರಗಿ ಕೂತು ಕೇಳ್ತೀನಿ. ವಾಲ್ಯೂಮ್ ಸಣ್ಣದಾದ ಮೇಲೆ ಬಾಸ್ ಗಿಟಾರ್ ಎಷ್ಟು ಮಾತಾಡುತ್ತೆ ಅಂತ ಮೊದಲ ಸಲ ಗೊತ್ತಾಯ್ತು.

ಅಜ್ಜನಿಗೆ ಕೊನೆಕೊನೆಗೆ ಕಿವಿ ಪೂರ್ತಿ ಕೇಳುತ್ತಿರಲಿಲ್ಲ. ಆದರೂ ಸಂಜೆ ಅಪ್ಪ ಭಾರತ ಓದುವಾಗ ಕಂಬಕ್ಕೊರಗಿ ಕೂತು, ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು. ಮೂರು ನಾಲ್ಕು, ಮೂರು ನಾಲ್ಕು. ಅಪ್ಪ ಎಲ್ಲಾದರೂ ತಪ್ಪಿ ಒಂದು ಸಾಲು ಬಿಟ್ಟರೆ ಬೆರಳು ನಿಲ್ಲುತ್ತಿತ್ತು, ಅಜ್ಜ ತಲೆ ಎತ್ತಿ ನೋಡುತ್ತಿದ್ದರು. ಹೇಗೆ ಗೊತ್ತಾಗ್ತಿತ್ತೋ ಏನೋ. ಆಗ ತಮಾಷೆಯಾಗಿ ಕಾಣುತ್ತಿತ್ತು. ಈಗ ಧೈರ್ಯ ಕೊಡುತ್ತೆ.

ನೀವು ಈಚೆಗೆ ಯಾವುದಕ್ಕೆ ನಿಮ್ಮ ಒಂದು ಗಂಟೆ ಕೊಟ್ಟಿರಿ? ಹೇಳಿ, ಹೊಸದನ್ನು ಕೇಳೋ ಆಸೆ ಇನ್ನೂ ಇದೆ. ಅರವತ್ತು ನಿಮಿಷದ ಒಳಗಿನದಾದರೆ ಒಳ್ಳೇದು :) ಮತ್ತೆ ಇದನ್ನು ಓದುವಾಗ ಕಿವಿಯಲ್ಲಿ ಹೆಡ್‌ಫೋನ್ ಇದ್ದರೆ, ದಯವಿಟ್ಟು ಎರಡು ಗೆರೆ ತಗ್ಗಿಸಿ. ನನಗೋಸ್ಕರ ಅಂತಲೇ ಅಂದುಕೊಳ್ಳಿ.